ಸೋನಾರ್‌ನಿಂದ ಮೊಬೈಲ್‌ಗೆ ಬಂದ ಪ್ರಾಧ್ಯಾಪಕ ಮತ್ತು ನಮ್ಮ ನೇಮಕಾತಿ ನಿಯಮ

ಮಾನ್ಯ ಸಂಪಾದಕರೇ,

ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಸಂಶೋಧನೆ ಸೊರಗಿರುವುದರ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಚರ್ಚೆ ನಡೆಯುತ್ತಿದ್ದು, ಬರೆದವರಲ್ಲಿ ಹೆಚ್ಚಿನವರು ಅನುದಾನದ ಕೊರತೆಯನ್ನೇ ದೂರಿದ್ದಾರೆ. ಅಧ್ಯಾಪಕರನ್ನು ನಾವು ಎಲ್ಲಿಂದ, ಯಾವ ವಯಸ್ಸಿನಲ್ಲಿ, ಎಷ್ಟು ಕಾಲಕ್ಕೆ ತೆಗೆದುಕೊಳ್ಳುತ್ತೇವೆ ಎಂಬುದೂ ಅಷ್ಟೇ ಮುಖ್ಯವೆಂದು ನನ್ನ ಭಾವನೆ. ಇದಕ್ಕೆ, ಇಂದಿನ ಮೊಬೈಲ್ ಮತ್ತು ವೈಫೈ ವೇಗಕ್ಕೆ ಆಧಾರವಾದ ವಿಧಾನವನ್ನು ರೂಪಿಸಿದವರಲ್ಲೊಬ್ಬರಾದ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರೊ. ಆರೋಗ್ಯಸ್ವಾಮಿ ಪೌಲ್‌ರಾಜ್ ಅವರ ವೃತ್ತಿಜೀವನಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಂಡಿಲ್ಲ.

1944ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಹುಟ್ಟಿದ ಅವರು ಹದಿನೈದರ ವಯಸ್ಸಿಗೇ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಸೇರಿ ನೌಕಾಪಡೆಯ ಅಧಿಕಾರಿಯಾದರು. ಪಡೆಯಿಂದ ದೆಹಲಿಯ ಐಐಟಿಗೆ ಎಂ.ಟೆಕ್. ಓದಲು ಹೋದವರನ್ನು ಪಿಎಚ್.ಡಿ.ಯತ್ತ ತಿರುಗಿಸಿದವರು ಪ್ರೊ. ಪಿ.ವಿ. ಇಂದಿರೇಶನ್. 1971ರ ಡಿಸೆಂಬರ್ 9ರಂದು ಪಾಕಿಸ್ತಾನದ ಜಲಾಂತರ್ಗಾಮಿಯೊಂದು ನಮ್ಮ ಐಎನ್‌ಎಸ್ ಖುಕ್ರಿ ನೌಕೆಯನ್ನು ಮುಳುಗಿಸಿದಾಗ, ನೀರಿನಡಿಯ ಜಲಾಂತರ್ಗಾಮಿಗಳನ್ನು ಸದ್ದಿನಿಂದ ಪತ್ತೆಹಚ್ಚುವ ನಮ್ಮ ಸೋನಾರ್‌ಗಳ ದೌರ್ಬಲ್ಯ ಎಲ್ಲರ ಕಣ್ಣಿಗೆ ಬಿತ್ತು. ಅವನ್ನು ಸುಧಾರಿಸುವ ಕೆಲಸ ಪೌಲ್‌ರಾಜ್ ಅವರ ಪಾಲಿಗೆ ಬಂತು. ಮುಂದೆ ಕೊಚ್ಚಿಯ ನೌಕಾ ಪ್ರಯೋಗಾಲಯದಲ್ಲಿ ಅವರ ನೇತೃತ್ವದ ತಂಡ ‘ಅಪ್ಸೋ’ ಎಂಬ ಸ್ವದೇಶಿ ಸೋನಾರ್ ರೂಪಿಸಿತು. ಅದನ್ನು ತಯಾರಿಸಿದ್ದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್). 1986ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಡಿಆರ್‌ಡಿಓ ಸಂಸ್ಥೆ ‘ಕೇರ್’ನ (ಕೃತಕ ಬುದ್ಧಿಮತ್ತೆ ಮತ್ತು ರೋಬೋಟಿಕ್ಸ್ ಕೇಂದ್ರ) ಸ್ಥಾಪಕ ನಿರ್ದೇಶಕರೂ ಅವರೇ, ಬಿಇಎಲ್‌ನ ಕೇಂದ್ರೀಯ ಸಂಶೋಧನಾ ಪ್ರಯೋಗಾಲಯವನ್ನು ಕಟ್ಟಿದವರೂ ಅವರೇ.

ತೊಂಬತ್ತರ ದಶಕದ ಆರಂಭದಲ್ಲಿ ನೌಕಾಪಡೆ ಬಿಟ್ಟು ಸ್ಟ್ಯಾನ್‌ಫರ್ಡ್ ಸೇರುವಾಗ ಅವರಿಗೆ ಐವತ್ತು ಹತ್ತಿರವಾಗುತ್ತಿತ್ತು, ಬದುಕಿನ ಬಹುಪಾಲು ಸಮವಸ್ತ್ರದಲ್ಲೇ ಕಳೆದಿತ್ತು. ಸಾಲಾಗಿ ಜೋಡಿಸಿದ ಗ್ರಾಹಕಗಳಿಗೆ ನೀರಿನಡಿ ಕೇಳಿಬರುವ ಕಲಸುಮೇಲೋಗರದಿಂದ ಬೇಕಾದ ಸದ್ದನ್ನು ಬೇರ್ಪಡಿಸುವ ಗಣಿತವನ್ನು ಅವರು ವರ್ಷಗಟ್ಟಲೆ ಅರೆದು ಕುಡಿದಿದ್ದರು. ಒಂದೇ ತರಂಗಾಂತರದಲ್ಲಿ ಬರುವ ಎರಡು ರೇಡಿಯೋ ಸಂಕೇತಗಳನ್ನು ಅದೇ ಗಣಿತದಿಂದ ಬೇರ್ಪಡಿಸಬಹುದಾದರೆ, ಬೇಕೆಂದೇ ಎರಡನ್ನು ಒಟ್ಟಿಗೆ ಕಳುಹಿಸಿ ದುಪ್ಪಟ್ಟು ಮಾಹಿತಿ ಸಾಗಿಸಬಾರದೇಕೆ ಎಂಬ ಪ್ರಶ್ನೆ ಅವರಿಗೆ ಹೊಳೆಯಿತು. ನಮ್ಮ ಹತ್ತನೇ ತರಗತಿಯ ಮಕ್ಕಳು ಎರಡು ಚರಾಕ್ಷರಗಳಿರುವ ಸಮೀಕರಣಗಳ ಜೋಡಿಯನ್ನು ಬಿಡಿಸುತ್ತಾರಲ್ಲ, ತಿರುಳು ಅಲ್ಲಿಯೇ ಇದೆ: ಎರಡು ಆಂಟೆನಾಗಳಿಗೆ ಎರಡು ಸಂಕೇತಗಳು ಬೇರೆ ಬೇರೆ ಪ್ರಮಾಣದಲ್ಲಿ ಬೆರೆತು ಬಂದರೆ ಸಮೀಕರಣಗಳೂ ಎರಡು, ಕಂಡುಹಿಡಿಯಬೇಕಾದ ಸಂಕೇತಗಳೂ ಎರಡು. ಎರಡೂ ಆಂಟೆನಾಗಳಲ್ಲಿ ಬೆರೆಯುವ ಪ್ರಮಾಣ ಒಂದೇ ಆಗಿಬಿಟ್ಟರೆ ಲೆಕ್ಕ ಬಿಡಿಸಲಾಗದು. ಹಾಗಾಗದಂತೆ ಕಾಯುವುದು ಗೋಡೆ, ಕಟ್ಟಡಗಳಿಗೆ ಬಡಿದು ಸುತ್ತುಬಳಸಿ ಬರುವ ಪ್ರತಿಫಲನಗಳು. ಅಲ್ಲಿಯವರೆಗೆ ಇಂಜಿನಿಯರುಗಳು ಪೀಡೆಯೆಂದು ಬಗೆದಿದ್ದುದೇ ಇಲ್ಲಿ ಬಂಡವಾಳವಾಯಿತು. ‘ಮೈಮೋ’ (ಹಲವು ಆಂಟೆನಾಗಳಿಂದ ಕಳುಹಿಸಿ ಹಲವು ಆಂಟೆನಾಗಳಿಂದ ಹಿಡಿಯುವುದು) ಎಂದು ಹೆಸರಾದ ಈ ವಿಧಾನಕ್ಕೆ ಪೌಲ್‌ರಾಜ್ ಮತ್ತು ಸ್ಟ್ಯಾನ್‌ಫರ್ಡ್‌ನವರೇ ಆದ ಪ್ರೊ. ಥಾಮಸ್ ಕೈಲಾತ್ 1992ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದರು, 1994ರಲ್ಲಿ ಅದು ಮಂಜೂರಾಯಿತು. (ಅಮೆರಿಕದ ಸಂಶೋಧನಾ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಫೋಶಿನಿ ಮೊದಲಾದವರು ಇದರ ಸಿದ್ಧಾಂತವನ್ನು ಗಟ್ಟಿಗೊಳಿಸಿದ್ದರಿಂದ, ಒಬ್ಬರನ್ನೇ ಜನಕರೆಂದು ಮೆರೆಸುವ ಪತ್ರಿಕಾ ಶೀರ್ಷಿಕೆಗಳನ್ನು ನಾನು ಒಪ್ಪುವುದಿಲ್ಲ.)

ಉದ್ಯಮ ಇದನ್ನು ಕೂಡಲೇ ನಂಬಲಿಲ್ಲ. ಮಾಡಿ ತೋರಿಸುವುದಕ್ಕೆಂದೇ ಅವರು 1998ರಲ್ಲಿ ಕಂಪನಿಯೊಂದನ್ನು ಕಟ್ಟಿದರು, 2003ರಲ್ಲಿ ಇಂಟೆಲ್ ಅದನ್ನು ಕೊಂಡಿತು. ಮೈಮೋ ಅಳವಡಿಸಿಕೊಂಡ ವೈಫೈ ಮಾನಕ 802.11ಎನ್ ಅಂತಿಮಗೊಂಡದ್ದು 2009ರಲ್ಲಿ. ಇಂದು ಮನೆಯ ರೌಟರ್ ಮೇಲೆ ಕೊಂಬುಗಳಂತೆ ಎದ್ದು ನಿಂತಿರುವ ಎರಡು-ನಾಲ್ಕು ಆಂಟೆನಾಗಳಿಗೂ 4ಜಿ, 5ಜಿ ವೇಗಕ್ಕೂ ಇದು ಆಧಾರ. 2010ರಲ್ಲಿ ಪದ್ಮಭೂಷಣವೂ 2014ರಲ್ಲಿ ಸಂಪರ್ಕ ತಂತ್ರಜ್ಞಾನದ ಮಾರ್ಕೋನಿ ಪ್ರಶಸ್ತಿಯೂ ಅವರಿಗೆ ಸಂದವು. ಪೇಟೆಂಟ್ ಅರ್ಜಿಯಿಂದ ವೈಫೈ ಮಾನಕದವರೆಗೆ ಹಿಡಿದದ್ದು ಹದಿನೇಳು ವರ್ಷ ಎಂಬುದನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ಏಕೆಂದರೆ, ಕ್ಷೇತ್ರದಲ್ಲಿ ದುಡಿದ ಅನುಭವಿಗಳನ್ನು ಔಪಚಾರಿಕ ಅರ್ಹತೆಯ ಕಟ್ಟುಪಾಡಿಲ್ಲದೆ ಬೋಧನೆಗೆ ಕರೆತರಲು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರಲ್ಲಿ ಹೊರಡಿಸಿದ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿ, ಅಂಥವರ ಸೇವಾವಧಿಯನ್ನು ಮೂರು ವರ್ಷಕ್ಕೆ, ವಿಶೇಷ ಸಂದರ್ಭದಲ್ಲಿ ಒಟ್ಟು ನಾಲ್ಕು ವರ್ಷಕ್ಕೆ ಮಿತಿಗೊಳಿಸಿದೆ. ಆಶಯ ಮೆಚ್ಚತಕ್ಕದ್ದೇ. ಆದರೆ ಒಬ್ಬ ಪಿಎಚ್.ಡಿ. ವಿದ್ಯಾರ್ಥಿಯನ್ನು ದಡ ಸೇರಿಸುವುದಕ್ಕೇ ನಾಲ್ಕೈದು ವರ್ಷ ಹಿಡಿಯುವಾಗ, ಇಂಥ ಹುದ್ದೆಗೆ ಬಂದವರು ಕೆಲವು ಉಪನ್ಯಾಸ ಕೊಟ್ಟು, ಶಾಲು ಹೊದೆಸಿಕೊಂಡು ಹೋಗುವುದಷ್ಟೇ ಆಗುತ್ತದೆ. ಇನ್ನು ಕಾಯಂ ಹುದ್ದೆಗಳ ಬಡ್ತಿಯಲ್ಲಿ ಪ್ರಕಟವಾದ ಲೇಖನಗಳನ್ನು ಎಣಿಸುವ ಪದ್ಧತಿ ಹೇಗಿದೆಯೆಂದರೆ, ಹಡಗಿನಲ್ಲಿ ಕೆಲಸ ಮಾಡುವ ಯಂತ್ರವನ್ನು ಕಟ್ಟಿಕೊಟ್ಟವರಿಗೆ ಅರ್ಜಿ ನಮೂನೆಯಲ್ಲಿ ಅದನ್ನು ಬರೆಯಲು ಸರಿಯಾದ ಕಲಂ ಕೂಡ ಸಿಗುವುದಿಲ್ಲ.

ಬಿಇಎಲ್, ಇಸ್ರೋ, ಡಿಆರ್‌ಡಿಓ ಪ್ರಯೋಗಾಲಯಗಳಿಂದ ಆಂಟೆನಾ, ರೇಡಾರ್, ಸಂಕೇತ ಸಂಸ್ಕರಣೆ ಬಲ್ಲ ಇಂಜಿನಿಯರುಗಳು ಅರವತ್ತಕ್ಕೆ ನಿವೃತ್ತರಾಗಿ ಬೆಂಗಳೂರು, ಮೈಸೂರುಗಳಲ್ಲೇ ನೆಲೆಸುತ್ತಾರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಮತ್ತು ಉನ್ನತ ಶಿಕ್ಷಣ ಇಲಾಖೆ ಒಟ್ಟಾಗಿ, ಇಂಥವರಿಗೂ ನಲವತ್ತೈದು-ಐವತ್ತರಲ್ಲೇ ಬರಲು ಸಿದ್ಧರಿರುವವರಿಗೂ ಕನಿಷ್ಠ ಹತ್ತು ವರ್ಷದ ಸಂಶೋಧನಾ ಪ್ರಾಧ್ಯಾಪಕ ಹುದ್ದೆಗಳನ್ನು ಸೃಷ್ಟಿಸಬೇಕು; ಸಂಶೋಧನಾ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವ ಅಧಿಕಾರವನ್ನು ಮೊದಲ ದಿನದಿಂದಲೇ ಕೊಡಬೇಕು; ಯುಜಿಸಿಯ ಕಾಲಮಿತಿ ಅಡ್ಡಬಂದರೆ ಅದನ್ನು ಸಡಿಲಿಸುವಂತೆ ರಾಜ್ಯ ಸರ್ಕಾರ ಲಿಖಿತವಾಗಿ ಕೇಳಬೇಕು.

ತಮ್ಮ ವಿಶ್ವಾಸಿ,
ನಿವೃತ್ತ ಎಲೆಕ್ಟ್ರಾನಿಕ್ಸ್ ಉಪನ್ಯಾಸಕ, ದಾವಣಗೆರೆ