ಯುದ್ಧದ ಸುದ್ದಿಯಲ್ಲಿ ಹಡಗಿಗೂ ಜಾಗ ಕೊಡಿ

ಮಾನ್ಯರೇ,

ಯುದ್ಧದ ಸುದ್ದಿ ಬಂದಾಗಲೆಲ್ಲ ಪತ್ರಿಕೆ ತುಂಬ ವಿಮಾನ, ಕ್ಷಿಪಣಿಗಳದೇ ಚಿತ್ರ. ಸೈನ್ಯ ಕಡಲು ದಾಟುವುದು ಹೇಗೆ, ಅದರ ಹಿಂದೆ ಅಕ್ಕಿ, ಮದ್ದುಗುಂಡು, ಡೀಸೆಲ್ ಹೋಗುವುದು ಹೇಗೆ ಎಂದು ಬರೆಯುವವರು ಕಡಿಮೆ. ಟ್ಯಾಂಕು, ಲಾರಿಯಂಥ ಭಾರದ ಸಾಮಾನು ಜಾಸ್ತಿ ಹೋಗುವುದು ಇವತ್ತಿಗೂ ಹಡಗಿನಲ್ಲೇ.

ನಾನು ದಾವಣಗೆರೆ ಎಪಿಎಂಸಿಯಲ್ಲಿ ಲೆಕ್ಕ ಬರೆಯುವವನು. ಲಾರಿಗೆ ಲೋಡ್ ಮಾಡುವ ಮುಂಚೆ ನಮ್ಮ ಹಮಾಲರು ಕೇಳುವುದು ಒಂದೇ: ‘ಮೊದ್ಲು ಎಲ್ಲಿ ಇಳಿಸ್ಬೇಕು?’ ಮೊದಲು ಇಳಿಯುವ ಚೀಲ ಕೊನೆಗೆ ಹತ್ತಬೇಕು. ಯುದ್ಧಕ್ಕೆ ಹೊರಟ ಹಡಗಿಗೂ ಇದೇ ಲೆಕ್ಕ. ಮೊದಲ ಮಹಾಯುದ್ಧದಲ್ಲಿ, 1915ರಲ್ಲಿ, ಟರ್ಕಿಯ ಗಲಿಪೊಲಿ ದಡದ ಮೇಲೆ ದಾಳಿಗೆ ಹೊರಟ ಬ್ರಿಟಿಷ್ ಹಡಗುಗಳಲ್ಲಿ ಈ ಲೆಕ್ಕ ತಪ್ಪಿತ್ತು. ಈಜಿಪ್ಟ್‌ನ ಅಲೆಕ್ಸಾಂಡ್ರಿಯಾ ಬಂದರಿಗೆ ಒಯ್ದು, ಎಲ್ಲ ಇಳಿಸಿ, ಮತ್ತೆ ತುಂಬುವಷ್ಟರಲ್ಲಿ ವಾರಗಳೇ ಕಳೆದವು. ಅಷ್ಟರಲ್ಲಿ ಟರ್ಕಿಯವರು ದಡದಲ್ಲಿ ಕಂದಕ ತೋಡಿ ಸಜ್ಜಾಗಿದ್ದರು. ಎಷ್ಟೊಂದು ಜೀವ ಹೋಯಿತು!

1982ರಲ್ಲಿ ಬ್ರಿಟನ್, ಅರ್ಜೆಂಟೀನಾ ನಡುವೆ ನಡೆದ ಫಾಕ್‌ಲ್ಯಾಂಡ್ಸ್ ದ್ವೀಪಗಳ ಯುದ್ಧದಲ್ಲೂ ಹಡಗೇ ಮುಖ್ಯವಾಯಿತು. ಬ್ರಿಟನ್ನಿನ ಅಟ್ಲಾಂಟಿಕ್ ಕನ್ವೇಯರ್ ಎಂಬ ಸರಕು ಹಡಗಿಗೆ ಕ್ಷಿಪಣಿ ಬಡಿದು, ಅದರಲ್ಲಿದ್ದ, ಸೈನಿಕರನ್ನೂ ಸಾಮಾನನ್ನೂ ಹೊರುವ ಮೂರು ಚಿನೂಕ್ ಹೆಲಿಕಾಪ್ಟರ್‌ಗಳು ಸುಟ್ಟುಹೋದವು. ಸೈನಿಕರು ಬೆನ್ನ ಮೇಲೆ ಹೊರೆ ಹೊತ್ತು, ಕೊರೆಯುವ ಚಳಿಯಲ್ಲಿ ನಡೆದೇ ಹೋಗಬೇಕಾಯಿತು.

ಇದು ನಮಗೆ ದೂರದ ಮಾತಲ್ಲ. ಸೆಪ್ಟೆಂಬರ್ 23 ಬಂದರೆ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಪಾಲ್ಗೊಂಡ, ಈಗಿನ ಇಸ್ರೇಲ್‌ನಲ್ಲಿರುವ ಹೈಫಾದ 1918ರ ಗೆಲುವನ್ನು ನೆನೆಯುತ್ತೇವೆ. ಅದೇ ಪಡೆ 1914ರಲ್ಲಿ ಕುದುರೆಗಳ ಸಮೇತ ಹಡಗು ಹತ್ತಿ ಈಜಿಪ್ಟ್‌ಗೆ ಹೋಗಿದ್ದನ್ನು ಹೇಳುವವರೇ ಇಲ್ಲ. ಓಲಾಡುವ ಹಡಗಿನಲ್ಲಿ ಅಷ್ಟೂ ಕುದುರೆಗಳಿಗೆ ಮೇವು, ನೀರು ಹೊಂದಿಸುವುದು ಸಣ್ಣ ಕೆಲಸವಾ?

ಈಗ ನಮ್ಮ ನೌಕಾಪಡೆಯಲ್ಲಿ ಐಎನ್‌ಎಸ್ ಜಲಾಶ್ವ ಎಂಬ ಪಡೆಸಾಗಣೆ ಹಡಗು ಇದೆ. ಹಿಂಬದಿಯಿಂದ ಒಳಗೆ ನೀರು ಬಿಟ್ಟುಕೊಂಡರೆ ಸಾಕು, ಹೊಟ್ಟೆಯೊಳಗಿನ ದೋಣಿಗಳು ಸೈನಿಕರನ್ನೂ ವಾಹನಗಳನ್ನೂ ಹೊತ್ತು ತೇಲಿ ಆಚೆ ಬರುತ್ತವೆ. 2020ರ ಮೇ ತಿಂಗಳಲ್ಲಿ, ಕೊರೊನಾ ಕಾಲದಲ್ಲಿ, ಮಾಲ್ಡೀವ್ಸ್‌ನಿಂದ 698 ಭಾರತೀಯರನ್ನು ಕೊಚ್ಚಿಗೆ ಕರೆತಂದದ್ದೂ ಇದೇ. ಆದರೆ ಇದು 1971ರಲ್ಲಿ ಅಮೆರಿಕದ ಸೇವೆಗೆ ಸೇರಿ, 2007ರಲ್ಲಿ ನಮಗೆ ಬಂದ ಹಡಗು. ವಯಸ್ಸಾಗಿದೆ. ಇಷ್ಟು ದೊಡ್ಡ ಪಡೆಸಾಗಣೆ ಹಡಗನ್ನು ನಾವೇ ಕಟ್ಟಬೇಕು ಎಂಬ ಚರ್ಚೆ ಜನರ ನಡುವೆಯೂ ಆಗಬೇಕಲ್ವಾ?

ಕಾರವಾರದಲ್ಲೇ ಕದಂಬ ನೌಕಾನೆಲೆ ಇದೆ. ದಯವಿಟ್ಟು ನಿಮ್ಮ ವರದಿಗಾರರನ್ನು ಅಲ್ಲಿಗೆ ಕಳಿಸಿ, ಸೈನ್ಯದ ಸಾಮಾನು ಹಡಗಿಗೆ ಹೇಗೆ ಹತ್ತುತ್ತದೆ, ಹೇಗೆ ಇಳಿಯುತ್ತದೆ ಎಂದು ಒಂದು ಪುಟ ಬರೆಸಿ. ಸೇನೆಗೆ ಸೇರಬೇಕೆಂದು ಬೆಳಗಿನ ಜಾವ ನಮ್ಮ ಹೈಸ್ಕೂಲ್ ಮೈದಾನದಲ್ಲಿ ಓಡುವ ಹುಡುಗರು ಅದನ್ನು ಓದಬೇಕು.

– ಒಬ್ಬ ಓದುಗ, ದಾವಣಗೆರೆ