ನಾಚಿಕೆಯ ವಿಷಯವಾಗಿ ಮಾವನ ಕಾಗದ

ಚಿ. ವಸುಧಾಳಿಗೆ ಮಾವನ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಮತ್ತೆ ಬರೆಯುವುದಿಲ್ಲ. ನಿನ್ನ ಕಾಗದದ ಮೂರನೆಯ ಪುಟದಲ್ಲಿ ಒಂದು ಮಾತಿದೆ. "ಮಾವ, ಮೊಬೈಲಿನೊಳಗಿನ ಆ ಕೃತಕ ಬುದ್ಧಿಮತ್ತೆಯೊಡನೆ ಮಾತನಾಡುವಾಗ ನನಗೆ ನಾಚಿಕೆಯಾಗುವುದಿಲ್ಲ. ಮನುಷ್ಯರೊಡನೆ ಆಗುತ್ತದೆ. ಮದುವೆಯಾದ ಮೇಲೂ ಹೀಗೇ ಉಳಿದುಬಿಟ್ಟರೆ?" ಇದನ್ನು ಓದಿ ಕನ್ನಡಕ ತೆಗೆದಿಟ್ಟವನು ರಾತ್ರಿ ಊಟಕ್ಕೆ ಕುಳಿತಾಗಲೂ ಅನ್ನದ ಜೊತೆ ಅದನ್ನೇ ಅಗಿಯುತ್ತಿದ್ದೆ.

ನೀನು ಹೇಳಿದ 'ಹರ್' ಸಿನಿಮಾವನ್ನು ನೋಡಿದೆ, ಥಿಯೋಡರ್ ಎಂಬವನು ಕಂಪ್ಯೂಟರಿನೊಳಗಿನ ಸಮಂತಾ ಎಂಬ ದನಿಯನ್ನು ಪ್ರೀತಿಸುವ ಕತೆ. ಪಕ್ಕದ ಮನೆಯ ಹುಡುಗ ಹಾಕಿಕೊಟ್ಟ. ಕೆಳಗಿನ ಅಕ್ಷರ ಓದಿ ಮುಗಿಸುವಷ್ಟರಲ್ಲಿ ಚಿತ್ರ ಮುಂದೆ ಓಡುತ್ತಿತ್ತು, ಹಾಗಾಗಿ ಎರಡು ಸಲ ನೋಡಬೇಕಾಯಿತು. 2010ರಲ್ಲಿ ನಾವೆಲ್ಲ ರಜನಿಕಾಂತರ 'ಎಂದಿರನ್' ನೋಡಿದ್ದು ನೆನಪಿದೆಯೇ? ಅಲ್ಲಿ ಯಂತ್ರವೇ ಹುಡುಗಿಯನ್ನು ಪ್ರೀತಿಸಿ, ಅವಳು ಸಿಗದೆ ಊರನ್ನೇ ಧ್ವಂಸ ಮಾಡಲು ಹೊರಡುತ್ತದೆ. ನಾವು ನಗುತ್ತಾ ಮನೆಗೆ ಬಂದೆವು. 2013ರ ಈ ಚಿತ್ರದಲ್ಲಿ ಹೊಡೆದಾಟವಿಲ್ಲ, ಬರೀ ಮಾತು. ಆದರೂ ನನಗೆ ನಿದ್ದೆ ಬರಲಿಲ್ಲ.

ಕಾರಣ ಆ ಥಿಯೋಡರ್ ಮಾಡುವ ಕೆಲಸ. ಬೇರೆಯವರ ಪರವಾಗಿ ಅವರ ಆಪ್ತರಿಗೆ ಕಾಗದ ಬರೆದುಕೊಡುವುದೇ ಅವನ ಹೊಟ್ಟೆಪಾಡು. ನೀನು ಹುಟ್ಟುವುದಕ್ಕೆ ಎಷ್ಟೋ ಮೊದಲು, ನಮ್ಮ ಊರಿನ ಅಂಚೆ ಕಚೇರಿಯಲ್ಲಿ ನಾನೂ ಅದನ್ನೇ ಮಾಡುತ್ತಿದ್ದೆ. ಸಂಬಳಕ್ಕಲ್ಲ, ಹೆಚ್ಚೆಂದರೆ ಒಂದು ಸೌತೆಕಾಯಿಗೆ. ಊರಿನ ಅರ್ಧ ಗಂಡಸರು ಮುಂಬಯಿಯ ಹೋಟೆಲುಗಳಲ್ಲಿದ್ದರು. ಹೆಂಗಸರು ಮನಿಯಾರ್ಡರ್ ಬಿಡಿಸಿಕೊಂಡು, ಇನ್‌ಲ್ಯಾಂಡ್ ಕಾಗದವನ್ನು ನನ್ನ ಮುಂದಿಟ್ಟು ಕುಳಿತುಕೊಳ್ಳುತ್ತಿದ್ದರು.

ಒಬ್ಬಳಿದ್ದಳು, ಹೆಸರು ಬೇಡ. "ಹಣ ಬಂತು, ದನ ಕರು ಹಾಕಿದೆ, ಮಾಡು ಸೋರುತ್ತಿದೆ ಎಂದು ಬರೆಯಿರಿ" ಎನ್ನುತ್ತಿದ್ದಳು. ಅಷ್ಟನ್ನು ಬರೆದರೂ ಮುಕ್ಕಾಲು ಕಾಗದ ಖಾಲಿ ಉಳಿಯುತ್ತಿತ್ತು. ಆಗ ನನಗೆ ಇಪ್ಪತ್ತನಾಲ್ಕು, ಕತೆ ಕಾದಂಬರಿ ಓದುವ ಹುಚ್ಚು. ಮಾಡು ಸೋರುವ ಸದ್ದಿನಲ್ಲಿ ನಿಮ್ಮ ಹೆಜ್ಜೆ ಕೇಳಿದಂತಾಗುತ್ತದೆ ಎಂದು ಸೇರಿಸಿದೆ. ಅವಳಿಗೆ ಓದಿ ಹೇಳಲಿಲ್ಲ. ಅತ್ತಲಿಂದ ಬರುವ ಉತ್ತರಗಳು ತಿಂಗಳಿಂದ ತಿಂಗಳಿಗೆ ಉದ್ದವಾದವು. ನಾನು ಓದಿದರೆ ಅವಳು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು. ನನಗೋ, ಏನೋ ಪುಣ್ಯ ಕಟ್ಟಿಕೊಂಡ ಹಾಗೆ.

ಚೌತಿಗೆ ಅವನು ಊರಿಗೆ ಬಂದ. ಹದಿನೈದು ದಿನ ಇದ್ದು ಹೋದ. ಹೋದ ಮರುದಿನ ಅವಳು ಕಿಟಕಿಯಾಚೆ ನಿಂತು ಹೇಳಿದಳು: "ಅವರು ನನ್ನಲ್ಲಿ ಬೇರೆ ಯಾರನ್ನೋ ಹುಡುಕುತ್ತಿದ್ದರು, ಅಯ್ಯಾ. ಇನ್ನು ಮುಂದೆ ನಾನು ಹೇಳಿದಷ್ಟನ್ನೇ ಬರೆಯಿರಿ." ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಆ ಸಿನಿಮಾದ ಬಗ್ಗೆ ಹುಡುಗ ಇನ್ನೊಂದು ಸಂಗತಿ ಹೇಳಿದ. ಚಿತ್ರೀಕರಣದ ವೇಳೆ ನಾಯಕನಿಗೆ ಯಂತ್ರದ ಮಾತುಗಳನ್ನು ಹೇಳುತ್ತಿದ್ದ ನಟಿ ಸಮಂತಾ ಮಾರ್ಟನ್. ಚಿತ್ರ ಮುಗಿದ ಮೇಲೆ ಆ ದನಿಯನ್ನು ತೆಗೆದು ಸ್ಕಾರ್ಲೆಟ್ ಜೊಹಾನ್ಸನ್ ಅವರ ದನಿಯನ್ನು ಸೇರಿಸಿದರಂತೆ. ಅವನು ಕರಗಿದ್ದು ಒಬ್ಬಳ ಮಾತಿಗೆ, ನಮಗೆ ಕೇಳಿಸುವುದು ಇನ್ನೊಬ್ಬಳದು. ಕೇಳಿ ನನಗೆ ಆ ಕಿಟಕಿಯೇ ಕಣ್ಣ ಮುಂದೆ ಬಂತು.

ಎಲ್ಲಿಗೋ ಹೋದೆ. ನಿನ್ನ ನಾಚಿಕೆಯ ವಿಷಯಕ್ಕೆ ಬರುತ್ತೇನೆ.

ನಿನ್ನ ಕಂಪ್ಯೂಟರ್ ಜಗತ್ತಿನಲ್ಲೇ ಹಳೆಯ ಕತೆಯೊಂದಿದೆ, ನಿನಗೆ ಗೊತ್ತಿರಬಹುದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ವೈಜೆನ್‌ಬಾಮ್ ಎಂಬವರು 1966ರ ಹೊತ್ತಿಗೆ ಎಲಿಜಾ ಎಂಬ ಪ್ರೋಗ್ರಾಮ್ ಮಾಡಿದ್ದರು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದು, ಅಷ್ಟೇ ಅದರ ವಿದ್ಯೆ. ಅದನ್ನು ಕಟ್ಟುವುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಡನೆ ನಾಲ್ಕು ಮಾತು ಆಡಿದವಳು, ಸ್ವಲ್ಪ ಹೊರಗೆ ಹೋಗುತ್ತೀರಾ ಎಂದು ಅವರನ್ನು ಕೇಳಿದಳಂತೆ. ನೋಡು, ಅವಳಿಗೆ ಸಂಕೋಚವಾದದ್ದು ಯಂತ್ರದ ಮುಂದಲ್ಲ, ಕೋಣೆಯಲ್ಲಿದ್ದ ಮನುಷ್ಯನ ಮುಂದೆ. ಹಾಗಾಗಿ ನಿನಗೊಬ್ಬಳಿಗೇ ಬಂದ ರೋಗವಲ್ಲ ಇದು. ಇದರಿಂದ ನಿನಗೆ ಸಮಾಧಾನವಾಗುತ್ತದೆಯೋ ಇಲ್ಲವೋ, ನನಗಂತೂ ಸ್ವಲ್ಪ ಆಯಿತು.

ನಾಚಿಕೆ ನನಗೂ ಇತ್ತು. ಊರಿಗೆಲ್ಲ ಅಷ್ಟು ರಸವಾಗಿ ಬರೆದುಕೊಟ್ಟವನು, ನಿನ್ನ ಅತ್ತೆ ಬಾಣಂತನಕ್ಕೆ ತವರಿಗೆ ಹೋದಾಗ ಐದು ತಿಂಗಳಲ್ಲಿ ಒಂದೇ ಕಾರ್ಡು ಬರೆದೆ. 'ಇಲ್ಲಿ ಕ್ಷೇಮ. ಅಡಿಕೆಗೆ ಔಷಧಿ ಹೊಡೆಸಿ ಆಯಿತು.' ಇನ್ನೊಂದು ಸಾಲು ಬರೆಯಲು ಪೆನ್ನು ಹಿಡಿದರೆ ಕೈ ಬೆವರುತ್ತಿತ್ತು. ಅವಳು ಓದಿ ನಕ್ಕರೆ? ಓದಿಯೂ ಸುಮ್ಮನಿದ್ದರೆ? ಆ ಮುಂಬಯಿಯವನು ಏನೆಂದುಕೊಂಡರೂ ನನಗೇನೂ ಆಗಬೇಕಾಗಿರಲಿಲ್ಲ, ಅದಕ್ಕೇ ಅಲ್ಲಿ ಸರಾಗವಾಗಿ ಬರುತ್ತಿತ್ತು. ನಿನ್ನ ಯಂತ್ರದ ಮುಂದೆಯೂ ಹಾಗೇ ಇರಬಹುದು. "ನಿಮ್ಮ ಕೈಬರಹ ಊರಿಗೆಲ್ಲ ಚೆಂದ" ಎಂದು ನಿನ್ನ ಅತ್ತೆ ಒಮ್ಮೆ ಹೇಳಿದ್ದಳು. ಆ ಮೇಲೆಯೂ ನಾನು ಬರೆಯಲಿಲ್ಲ. ಅವಳ ಕೊನೆಯ ದಿನಗಳನ್ನು ನೀನೇ ನೋಡಿದ್ದೀಯೆ.

ನಿನ್ನನ್ನು ಮದುವೆಯಾಗಲಿರುವ ಆ ಮೈಸೂರಿನ ಹುಡುಗ ಫೋನ್ ಮಾಡಿದಾಗ ನಡುವೆ ಮಾತು ನಿಂತರೆ ನಿಲ್ಲಲಿ, ತುಂಬಿಸಲು ಹೋಗಬೇಡ ಎಂದು ಹೇಳೋಣವೆನಿಸುತ್ತದೆ. ಹೇಳುವ ಯೋಗ್ಯತೆ ನನಗಿದೆಯೇ ಎಂಬುದು ಬೇರೆ ಮಾತು. ಅವನಿಗೆ ಏನು ಹೇಳಬೇಕೆಂದು ಮೊಬೈಲನ್ನು ಕೇಳಿ ಬರೆಸಿ ಕಳಿಸುತ್ತಿದ್ದರೆ ಅದೊಂದನ್ನು ಬಿಟ್ಟುಬಿಡು, ಆ ಪಾಪದ ರುಚಿ ನನಗೆ ಗೊತ್ತು. ಬೇಸರವಾದಾಗ ನೀನು ಅದರೊಡನೆ ಮಾತನಾಡಿದರೆ ನನ್ನದೇನೂ ತಕರಾರಿಲ್ಲ, ಬೆಂಗಳೂರಿನ ಆ ಕೋಣೆಯಲ್ಲಿ ರಾತ್ರಿ ಹನ್ನೊಂದಕ್ಕೆ ಬೇರೆ ಯಾರಿದ್ದಾರೆ?

ಸಮಂತಾ ಎಂಬ ಆ ದನಿ ಒಂದೇ ಹೊತ್ತಿಗೆ 8,316 ಜನರೊಡನೆ ಮಾತನಾಡುತ್ತಿರುತ್ತದೆ, ಅವರಲ್ಲಿ 641 ಮಂದಿಯನ್ನು ಪ್ರೀತಿಸುತ್ತಲೂ ಇರುತ್ತದೆ. ಅದಕ್ಕೇ ಅವನು ಕುಸಿಯುವುದು ಎಂದು ನೀನು ಬರೆದಿದ್ದೀಯೆ. ನನ್ನ ಕಣ್ಣು ಹೋದದ್ದು ಅದರ ನಂತರ ಬರುವ ಒಂದು ದೃಶ್ಯಕ್ಕೆ. ಕೊನೆಯಲ್ಲಿ ಅವನು ತನ್ನಿಂದ ದೂರವಾದ ಹೆಂಡತಿಗೆ ತನ್ನದೇ ಹೆಸರಿನಲ್ಲಿ ಒಂದು ಕಾಗದ ಬರೆಯುತ್ತಾನಲ್ಲ, ಅಲ್ಲಿ ಹುಡುಗನಿಗೆ ನಿಲ್ಲಿಸು ಎಂದೆ. ಅವನು ನೀರು ತರಲು ಎದ್ದು ಹೋದ.

ನಿಜ ಹೇಳಿಬಿಡುತ್ತೇನೆ. ನಿನ್ನ ಮೊದಲ ಪುಟ ಅಷ್ಟು ಸೊಗಸಾಗಿದ್ದುದನ್ನು ನೋಡಿ ಇದನ್ನೂ ಯಂತ್ರವೇ ಬರೆದುಕೊಟ್ಟಿತೇನೋ ಎಂದುಕೊಂಡೆ, ಕ್ಷಮಿಸು. ಮೂರನೆಯ ಪುಟದ ಕೆಳಗೆ ನೀನು ಗೀಚಿ ಹೊಡೆದುಹಾಕಿದ ಸಾಲೊಂದಿದೆ. ಬಿಸಿಲಿಗೆ ಹಿಡಿದು ನೋಡಿದೆ, 'ಅವರ ಮುಂದೆ ನಾನು' ಎಂಬಷ್ಟೇ ಓದಲಾಯಿತು. ಉಳಿದದ್ದನ್ನು ಬರೆ.

ಇತಿ,
ನಿನ್ನ ಮಾವ