ಸೋರುವ ಕ್ಯಾಂಪರ್ ಗೂಡಿಗೆ ಸಿಲಿಕೋನ್ ಮದ್ದಲ್ಲ

ಮಾನ್ಯ ಸಂಪಾದಕರೇ,

ಪಿಕಪ್ ಹಿಂದೆ ಮಲಗುವ ಗೂಡು ಕೂರಿಸಿಕೊಂಡು ಊರೂರು ಸುತ್ತುವವರು ಚಿತ್ರದುರ್ಗ, ದಾವಣಗೆರೆ ಕಡೆಯೂ ಇದ್ದಾರೆ. (ಕ್ಯಾಂಪರ್ ಅಂದರೆ ಎರಡು ಸಾಲು ಸೀಟಿನ ಬೊಲೆರೊ ಎಂದು ತಿಳಿಯುವವರೇ ನಮ್ಮಲ್ಲಿ ಹೆಚ್ಚು. ಇದು ಲೋಡ್ ಬಾಡಿ ಮೇಲೆ ಬಿಗಿದು ನಿಲ್ಲಿಸುವ ಗೂಡಿನ ಮಾತು.) ರೋಹಿಣಿ ಮಳೆ ಹತ್ತಿರವಾದಾಗ ಇವುಗಳ ದೂರು ಒಂದೇ, ಸೋರುತ್ತಿದೆ. ಸಿಗುವ ಮದ್ದೂ ಒಂದೇ, ಒಂದು ಟ್ಯೂಬ್ ಸಿಲಿಕೋನ್. ಕೆಲಸ ಕೆಡುವುದು ಅಲ್ಲೇ.

ದುರ್ಗದಲ್ಲಿ ಮಳೆ ಕಡಿಮೆ, ಹಾಗಾಗಿ ಸೋರಿಕೆ ಬೇಗ ಗೊತ್ತಾಗುವುದಿಲ್ಲ. ಗೂಡು ಹಾಳಾಗುವುದು ಬೇಸಿಗೆಯಲ್ಲಿ. ಬಿಸಿಲಿಗೆ ತಗಡು 40 ಡಿಗ್ರಿ ಹೆಚ್ಚು ಕಾದರೆ 8 ಅಡಿ ಅಲ್ಯೂಮಿನಿಯಂ ಹಾಳೆ ಸುಮಾರು 2.2 ಮಿ.ಮೀ. ಹಿಗ್ಗುತ್ತದೆ, ಅದರಡಿಯ ಕಬ್ಬಿಣದ ಚೌಕಟ್ಟು 1.2 ಮಿ.ಮೀ. ಮಾತ್ರ. ದಿನಾ ಹಗಲು ರಾತ್ರಿ ಈ ಎಳೆದಾಟದಲ್ಲಿ ಸ್ಕ್ರೂ ತೂತು ಅಗಲವಾಗುತ್ತದೆ, ಜೋಡಣೆಯ ಅಂಟು ಬಿರಿಯುತ್ತದೆ. ಆಗುಂಬೆಯದೋ ಜೋಗದ್ದೋ ಮಳೆಗೆ ಸಿಕ್ಕಾಗಲೇ ಹಾಸಿಗೆ ಒದ್ದೆಯಾಗುವುದು.

ಹಾಸಿಗೆ ಮೇಲೆ ಹನಿ ಬಿದ್ದರೆ ತೂತು ಅದರ ನೆತ್ತಿಯ ಮೇಲೇ ಇರಬೇಕೆಂದಿಲ್ಲ. ಹೆಚ್ಚಾಗಿ ನೀರು ಒಳಬರುವುದು ಕ್ಯಾಬಿನ್ ಮೇಲೆ ಚಾಚಿದ ಮುಂದಿನ ಅಂಚಿನಿಂದ. ಓಡುವಾಗ ಗಾಳಿ ಅಲ್ಲಿ ಮಳೆಯನ್ನು ಒಳಕ್ಕೆ ನೂಕುತ್ತದೆ. ಅದು ಪ್ಲೈವುಡ್ ಗುಂಟ ಹರಿದು ಇನ್ನೆಲ್ಲೋ ಇಳಿಯುತ್ತದೆ. ಪ್ರೆಷರ್ ವಾಷರ್ ಬಿಟ್ಟು ಹುಡುಕಬೇಡಿ, ಗಟ್ಟಿ ಇದ್ದ ಜೋಡಣೆಯೂ ಬಿಟ್ಟೀತು. ಒಂದು ಕಿಟಕಿಗೆ ರಟ್ಟು ಕಟ್ಟಿ, ಅದರಲ್ಲಿ ಬಚ್ಚಲಿನ ಎಕ್ಸಾಸ್ಟ್ ಫ್ಯಾನನ್ನು ಒಳಮುಖವಾಗಿ ಕೂರಿಸಿ, ಉಳಿದದ್ದೆಲ್ಲ ಮುಚ್ಚಿ. ಫ್ಯಾನ್ ಓಡುತ್ತಿರುವಾಗ ಹೊರಗಿನ ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚುತ್ತಾ ಬಂದರೆ ಗುಳ್ಳೆ ಎದ್ದಲ್ಲಿ ತೂತು. ಗೋಡೆಗೆ ಬೆರಳ ಗೆಣ್ಣಿನಿಂದ ಬಡಿದು ನೋಡಿ. ಗಟ್ಟಿ ಹಲಗೆ ಟಕ್ಕೆನ್ನುತ್ತದೆ, ಕೊಳೆತದ್ದು ಡಬ್ ಎನ್ನುತ್ತದೆ.

ಒಣಗಿದ ಸಿಲಿಕೋನ್ ಮೇಲೆ ಏನೂ ಹಿಡಿಯುವುದಿಲ್ಲ. ಬಣ್ಣವೂ ಇಲ್ಲ, ಬೇರೆ ಅಂಟೂ ಇಲ್ಲ, ಹೊಸ ಸಿಲಿಕೋನೂ ನೆಟ್ಟಗೆ ಕೂರುವುದಿಲ್ಲ. ಹುಳಿ ವಾಸನೆ ಬರುವ ಅಗ್ಗದ ಬಗೆಯಾದರೆ ಅದರ ಆಮ್ಲ ತಗಡಿನ ಸತು ಲೇಪನವನ್ನೇ ತಿನ್ನುತ್ತದೆ. ಹಳೆಯದನ್ನೆಲ್ಲ ಪ್ಲಾಸ್ಟಿಕ್ ಹೆರೆಯಿಂದ ಕೆರೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಲೇಬೇಕು. ಬೇಸರದ ಕೆಲಸ, ಅದಕ್ಕೇ ಯಾರೂ ಮಾಡುವುದಿಲ್ಲ. ಆಮೇಲೆ ಕಿಟಕಿಯ ಚೌಕಟ್ಟು ಬಿಚ್ಚಿ, ಅದರ ಅಂಚಿನ ಕೆಳಗೆ 20 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಬ್ಯೂಟೈಲ್ ಟೇಪ್ (ಮೆತ್ತಗೆ ಅಂಟಿಕೊಳ್ಳುವ ರಬ್ಬರಿನಂಥ ಪಟ್ಟಿ) ಸುತ್ತಲೂ ಇಡಿ. ಸ್ಟೇನ್‌ಲೆಸ್ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಟೇಪ್ ಅಂಚಿನಿಂದ ಉಕ್ಕಿ ಬರಬೇಕು. ಒಂದು ದಿನ ಬಿಟ್ಟು ಮತ್ತೆ ಬಿಗಿದು, ಉಕ್ಕಿದ್ದನ್ನು ಕತ್ತರಿಸಿ ತೆಗೆಯಿರಿ. ಚಾವಣಿಯ ಜೋಡಣೆಗೆ ಬಿಸಿಲು ತಡೆಯುವ ಪಾಲಿಯುರೆಥೇನ್ ಅಂಟಿನ 6 ಮಿ.ಮೀ. ಗೆರೆ ಸಾಕು. ಅದು ದಿನಕ್ಕೆ 2–3 ಮಿ.ಮೀ. ಮಾತ್ರ ಗಟ್ಟಿಯಾಗುತ್ತದೆ, ಸಂಜೆ ಹಚ್ಚಿ ಬೆಳಿಗ್ಗೆ ಗಾಡಿ ಹೊರಡಿಸಬಾರದು. ಕೊಳೆತ ಪ್ಲೈವುಡ್ಡನ್ನು ಗಟ್ಟಿ ಮರ ಸಿಗುವವರೆಗೂ ಕತ್ತರಿಸಿ, ಐಎಸ್ 710 ಮುದ್ರೆಯ, ಅಂದರೆ ನೀರು ತಡೆಯುವ ಮರೈನ್ ಪ್ಲೈ ಹಲಗೆ ಹಾಕಿ. ಎಂಆರ್ ಎಂದು ಬರೆದ ಕಮರ್ಷಿಯಲ್ ಪ್ಲೈ ಬರಿ ತೇವ ತಡೆಯುತ್ತದೆ, ನೀರನ್ನಲ್ಲ. ಕತ್ತರಿಸಿದ ಅಂಚಿಗೆ ಎಪಾಕ್ಸಿ ಬಳಿಯುವುದನ್ನು ಮರೆಯಬೇಡಿ.

ಸೋರಿಕೆಗಿಂತ ಅಪಾಯದ್ದು ಗೂಡಿನ ಹಿಡಿತ. ಲೋಡ್ ಬಾಡಿಯ ತೆಳು ತಗಡಿಗೆ ನೇರವಾಗಿ ಕೊಕ್ಕೆ ಬೋಲ್ಟ್ ಹಾಕಿದರೆ ತಗಡು ಹರಿಯುತ್ತದೆ. ತಗಡಿನ ಕೆಳಗೆ ಕನಿಷ್ಠ 75 ಮಿ.ಮೀ. ಚೌಕದ, 5 ಮಿ.ಮೀ. ದಪ್ಪದ ಪಟ್ಟಿ ಇರಬೇಕು, ಗೂಡಿನ ಅಡಿಗೆ ರಬ್ಬರ್ ಹಾಸು. ಚಾಸಿಯ ಮೇಲಂಚು ಕೆಳಂಚುಗಳಿಗೆ ತೂತು ಕೊರೆಯುವುದಾಗಲಿ ವೆಲ್ಡಿಂಗ್ ಮಾಡುವುದಾಗಲಿ ಬೇಡವೇ ಬೇಡ, ಬಿರುಕು ಅಲ್ಲಿಂದಲೇ ಶುರು. ಗೂಡನ್ನು ಗಾಡಿಗೆ ಎಳೆದು ಹಿಡಿಯುವ ನಾಲ್ಕೂ ಟರ್ನ್‌ಬಕಲ್‌ಗಳನ್ನು (ತಿರುಗಿಸಿ ಬಿಗಿಯುವ ಕೊಂಡಿ) ಮೊದಲ 50 ಕಿ.ಮೀ. ಆದಮೇಲೆ ಒಮ್ಮೆ, ನಂತರ ಪ್ರತಿ ಸಲ ಹೊರಡುವ ಮುನ್ನ ನೋಡಿ. ಗಾಳಿಯಂತ್ರಗಳು ನಿಂತಿರುವ ಜೋಗಿಮಟ್ಟಿ ಕಡೆಯ ಅಡ್ಡಗಾಳಿ ಎತ್ತರದ ಗೂಡನ್ನು ಹೇಗೆ ಅಲುಗಿಸುತ್ತದೆಂದು ಓಡಿಸಿದವರಿಗೆ ಹೇಳಬೇಕಿಲ್ಲ.

ಮೆಕ್ಕೆಜೋಳ ತೂಗುವ ವೇಬ್ರಿಡ್ಜ್‌ನಲ್ಲೇ ಗಾಡಿಯನ್ನೂ ತೂಗಿಸಿ, ನೀರು, ಸಿಲಿಂಡರ್, ಜನ ಎಲ್ಲ ಸೇರಿಸಿ. 100 ಲೀಟರ್ ನೀರೆಂದರೆ 100 ಕಿಲೊ, 14.2 ಕಿಲೊ ಗ್ಯಾಸಿನ ತುಂಬಿದ ಸಿಲಿಂಡರ್ ಸುಮಾರು 30 ಕಿಲೊ. ಆರ್‌ಸಿಯಲ್ಲಿರುವ ಒಟ್ಟು ತೂಕ ಮೀರಿದ್ದರೆ ಕಮಾನು ಪಟ್ಟಿ ಹೆಚ್ಚಿಸಿ ಪ್ರಯೋಜನವಿಲ್ಲ. ಬ್ರೇಕು, ಟೈರು, ಆಕ್ಸಲ್ ಹಳೆಯವೇ ಅಲ್ಲವೇ? ಗೂಡಿನ ಭಾರದ ನಡು ಹಿಂದಿನ ಆಕ್ಸಲ್‌ಗಿಂತ ಮುಂದಿರಲಿ.

ವೈರಿಂಗ್‌ಗೆ ಮನೆಯ 1.5 ಚದರ ಮಿ.ಮೀ. ವೈರ್ ಎಳೆಯುತ್ತಾರೆ. 5 ಆಂಪಿಯರ್ ಎಳೆಯುವ ಫ್ರಿಜ್ ಬ್ಯಾಟರಿಯಿಂದ 5 ಮೀಟರ್ ದೂರವಿದ್ದರೆ ಹೋಗಿ ಬರುವ ದಾರಿಯಲ್ಲೇ ಅರ್ಧ ವೋಲ್ಟ್‌ಗೂ ಹೆಚ್ಚು ಕಳೆದುಹೋಗುತ್ತದೆ. ಬ್ಯಾಟರಿ 12.2 ವೋಲ್ಟ್‌ಗೆ ಇಳಿದ ಹೊತ್ತಿಗೆ ಫ್ರಿಜ್‌ಗೆ ತಲುಪುವುದು 11.6, ಅದು ನಿಂತುಬಿಡಬಹುದು, ಬೈಗುಳ ಬ್ಯಾಟರಿಗೆ. 4 ಚದರ ಮಿ.ಮೀ. ತಾಮ್ರದ ವೈರ್ ಹಾಕಿ, ಫ್ಯೂಸ್ ಬ್ಯಾಟರಿಯ ಪ್ಲಸ್ ಟರ್ಮಿನಲ್ ಪಕ್ಕದಲ್ಲೇ ಇರಲಿ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಆದ್ದರಿಂದ ಸಿಲಿಂಡರ್ ಖಾನೆಯ ಕಿಂಡಿ ತಳದಲ್ಲಿ, ಹೊರಕ್ಕೆ ತೆರೆದಿರಬೇಕು.

ಗೂಡು ಕಟ್ಟಿಸುವ ಮುನ್ನವೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ, ಗಾಡಿಯ ಮಾರ್ಪಾಡಿನ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದಕ್ಕೂ ತಾಗುತ್ತದೆ. ಬಾಡಿ ಕಟ್ಟುವ ನಮ್ಮ ಕಸುಬಿನವರಲ್ಲಿ ಒಂದು ಕೋರಿಕೆ: ಬಿಲ್ ಜೊತೆ ಖಾಲಿ ಗೂಡಿನ ತೂಕದ ಚೀಟಿ, ವೈರ್ ಎಲ್ಲೆಲ್ಲಿ ಹಾದಿದೆ ಎಂಬ ಕೈಬರಹದ ನಕ್ಷೆ, ಯಾವ ಜೋಡಣೆಗೆ ಯಾವ ಅಂಟು ಹಾಕಿದ್ದೀರಿ ಎಂಬ ಒಂದು ಸಾಲು ಕೊಡಿ. ಮುಂದೆ ಬಿಚ್ಚುವವನು ಕುರುಡಾಗಿ ಡ್ರಿಲ್ ಹಾಕುವುದು ತಪ್ಪುತ್ತದೆ.

– ಬಾಡಿ ಬಿಲ್ಡಿಂಗ್ ಕೆಲಸಗಾರ, ಚಿತ್ರದುರ್ಗ